ಮೂಟೆ ಹೊತ್ತವನ ಕಥೆ, ಒಂಬತ್ತು ಮಕ್ಕಳ ಬಾಯಲ್ಲಿ: ಒಂದು ಪ್ರಕರಣ ಅಧ್ಯಯನ

"ಟೀಚರ್, ಅವನು ಮಕ್ಕಳನ್ನ ಬಿಟ್ಟು ಯಾಕೆ ಓಡಿಹೋದ?"

ಎರಡನೇ ವಾರ ಈ ಪ್ರಶ್ನೆ ಬಂತು. ಕೇಳಿದವಳಿಗೆ ಆರು ವರ್ಷ. ನಾನು ತಕ್ಷಣ ಉತ್ತರ ಕೊಟ್ಟುಬಿಟ್ಟೆ. "ದೇವರನ್ನು ಎಲ್ಲರಿಗಿಂತ ಜಾಸ್ತಿ ಪ್ರೀತಿಸಬೇಕು ಅಂತ ಅದರ ಅರ್ಥ" ಅಂದೆ. ಅವಳು ತಲೆ ಆಡಿಸಿದಳು. ಆಮೇಲೆ ಕೆಲವು ವಾರ ಅವಳು ತರಗತಿಯಲ್ಲಿ ಬಾಯೇ ಬಿಡಲಿಲ್ಲ. ಆ ಉತ್ತರ ಎಷ್ಟು ತಪ್ಪಾಗಿತ್ತು ಅಂತ ನನಗೆ ಗೊತ್ತಾಗಲು ಸಮಯ ಹಿಡಿಯಿತು. ಈ ಬರಹದ ಮುಖ್ಯ ವಿಷಯವೇ ಅದು.

ನಾನು ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ಆ ವರ್ಷ ತರಗತಿಯಲ್ಲಿ 9 ಮಕ್ಕಳಿದ್ದರು. ಐದು ವರ್ಷದವರು ಇಬ್ಬರು, ಆರು-ಏಳು ವರ್ಷದವರು ಐದು ಜನ, ಒಂಬತ್ತು ವರ್ಷದವರು ಇಬ್ಬರು. ವಾರಕ್ಕೊಮ್ಮೆ 40 ನಿಮಿಷ, ಒಟ್ಟು 14 ವಾರ. ಬೈಬಲ್ ಕಥೆಗಳ ಜೊತೆಗೆ ಒಂದು ಉದ್ದನೆಯ ಕಥೆಯನ್ನು ವಾರದಿಂದ ವಾರಕ್ಕೆ ಹೇಳಬೇಕು ಅಂತ ನನಗೆ ಬಹಳ ದಿನದ ಆಸೆ. ಅದಕ್ಕೆ ಜಾನ್ ಬನ್ಯನ್ ಬರೆದ 'ಯಾತ್ರಿಕನ ಸಂಚಾರ'ವನ್ನು ಆರಿಸಿಕೊಂಡೆ.

ಈ ಪುಸ್ತಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬನ್ಯನ್ 17ನೇ ಶತಮಾನದ ಇಂಗ್ಲೆಂಡಿನವನು. ತೂತುಬಿದ್ದ ಪಾತ್ರೆಗಳನ್ನು ಸರಿಮಾಡಿಕೊಡುವುದು ಅವನ ಕಸುಬು. ಅನುಮತಿ ಇಲ್ಲದೆ ಪ್ರಸಂಗ, ಅಂದರೆ ಧರ್ಮಬೋಧನೆ, ಮಾಡಿದ ಅಂತ 1660ರಲ್ಲಿ ಅವನನ್ನು ಬೆಡ್‌ಫರ್ಡ್ ಜೈಲಿಗೆ ಹಾಕಿದರು. 1672ರಲ್ಲಿ ಬಿಡುಗಡೆ ಮಾಡಿದರು. ಪುಸ್ತಕದ ಮೊದಲ ಭಾಗ 1678ರಲ್ಲಿ ಅಚ್ಚಾಯಿತು. ಬೆನ್ನ ಮೇಲೆ ದೊಡ್ಡ ಮೂಟೆ ಹೊತ್ತ ಒಬ್ಬ ಮನುಷ್ಯ ನಾಶಪುರ ಅನ್ನುವ ಊರನ್ನೂ ಹೆಂಡತಿ ಮಕ್ಕಳನ್ನೂ ಬಿಟ್ಟು ಪರಲೋಕದ ಪಟ್ಟಣಕ್ಕೆ ನಡೆದುಹೋಗುವ ಕಥೆ ಅದು. ದಾರಿಯಲ್ಲಿ ಸಿಗುವ ಜನರಿಗೆ, ಜಾಗಗಳಿಗೆ ಅವುಗಳ ಗುಣವೇ ಹೆಸರು. ನಾವು ತರಗತಿಯಲ್ಲಿ ಸುಲಭದ ಹೆಸರುಗಳನ್ನು ಇಟ್ಟುಕೊಂಡೆವು. ಯಾತ್ರಿಕ, ಹಠಮಾರಿ, ಚಂಚಲ, ನಿರಾಶೆಯ ಕೆಸರು, ಕಷ್ಟದ ಬೆಟ್ಟ, ಸಂದೇಹದ ಕೋಟೆ, ಹೀಗೆ.

ಇಂಥ ಹೆಸರುಗಳಿರುವ ಕಥೆ ಅಂದರೆ ಟೀಚರಿಗೆ ಬಾಯಿ ಕಡಿಯುತ್ತದೆ. ಪ್ರತಿಯೊಂದಕ್ಕೂ ಅರ್ಥ ಹೇಳಬೇಕು ಅನ್ನಿಸುತ್ತದೆ. ನಾನೂ ಅದನ್ನೇ ಮಾಡಿದೆ. ಹತ್ತು ನಿಮಿಷ ಓದುವುದು, ಇಪ್ಪತ್ತು ನಿಮಿಷ ವಿವರಿಸುವುದು, ಕೊನೆಗೆ ಪ್ರಶ್ನೆ ಕೇಳುವುದು. ಮಕ್ಕಳು ಚೆನ್ನಾಗಿಯೇ ಉತ್ತರ ಹೇಳುತ್ತಿದ್ದರು. ಎಲ್ಲ ಸರಿಯಾಗಿ ನಡೆಯುತ್ತಿದೆ ಅಂದುಕೊಂಡಿದ್ದೆ.

ನಾಲ್ಕನೇ ವಾರ ಒಂದು ಹುಡುಗನಿಗೆ "ಇಲ್ಲಿಯವರೆಗಿನ ಕಥೆ ಹೇಳಪ್ಪ" ಅಂದೆ. ಏಳು ವರ್ಷದವನು, ತುಂಬಾ ಚುರುಕು. ಅವನು ಎದ್ದು ನಿಂತು ಪಾಠ ಒಪ್ಪಿಸುವ ಹಾಗೆ ಹೇಳಿದ. "ಮೂಟೆ ಅಂದ್ರೆ ಪಾಪ. ಕೆಸರು ಅಂದ್ರೆ ನಿರಾಶೆ. ಚಂಚಲ ಅಂದ್ರೆ ಬೇಗ ಮನಸ್ಸು ಬದಲಾಯಿಸೋರು. ಅಷ್ಟೇ."

"ಕೆಸರಲ್ಲಿ ಏನಾಯ್ತು?" ಅಂತ ಕೇಳಿದೆ.

"ಗೊತ್ತಿಲ್ಲ ಟೀಚರ್."

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಯಾತ್ರಿಕನೂ ಚಂಚಲನೂ ಮಾತಾಡುತ್ತಾ ನಡೆದು, ನೋಡದೆ ಕೆಸರಿಗೆ ಬಿದ್ದದ್ದು, ಚಂಚಲ ಸಿಟ್ಟು ಮಾಡಿಕೊಂಡು ತನ್ನ ಮನೆ ಕಡೆಯ ದಡಕ್ಕೇ ಹತ್ತಿ ಓಡಿದ್ದು, ಯಾತ್ರಿಕ ಮಾತ್ರ ಮನೆಯಿಂದ ದೂರದ ದಡದ ಕಡೆಗೇ ಒದ್ದಾಡಿದ್ದು, ಸಹಾಯ ಅನ್ನುವವನು ಬಂದು ಕೈ ಕೊಟ್ಟು ಎಳೆದದ್ದು, ಇದ್ಯಾವುದೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಉಳಿದದ್ದು ನನ್ನ ವಿವರಣೆ ಮಾತ್ರ. ಕಥೆಯ ಒಳಗಿನ ಕಾಳು ಕೊಡುತ್ತೇನೆ ಅಂತ ಹೋಗಿ ಸಿಪ್ಪೆ ಕೊಟ್ಟಿದ್ದೆ. ಯಾವ ದಡಕ್ಕೆ ಹತ್ತಿದ ಅನ್ನುವುದರಲ್ಲೇ ಆ ಭಾಗದ ಎಲ್ಲ ಅರ್ಥ ಇದೆ, ಅಲ್ವಾ? ಅದನ್ನು ಕಣ್ಣಿಗೆ ಕಾಣುವ ಹಾಗೆ ಹೇಳಿದ್ದರೆ ನಾನು ಬೇರೆ ಏನನ್ನೂ ಸೇರಿಸಬೇಕಾಗಿರಲಿಲ್ಲ.

ಮುಂದೆ ಬರುವ ಪಾಠಗಳಲ್ಲಿ ಒಂದು ಅರ್ಥ ಹೇಳುವವನ ಮನೆಯದು. ಅದನ್ನು ತಯಾರು ಮಾಡಿಕೊಳ್ಳುವಾಗ ನನಗೆ ಉತ್ತರ ಪುಸ್ತಕದಲ್ಲೇ ಸಿಕ್ಕಿತು. ಆ ಮನೆಯ ಯಜಮಾನ ಯಾತ್ರಿಕನನ್ನು ಒಂದು ಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಕೋಣೆ ತುಂಬಾ ಧೂಳು. ಒಬ್ಬ ಗುಡಿಸಲು ಶುರುಮಾಡುತ್ತಾನೆ. ಧೂಳು ಎದ್ದು ಯಾತ್ರಿಕನಿಗೆ ಉಸಿರು ಕಟ್ಟುತ್ತದೆ. ಆಮೇಲೆ ಒಬ್ಬ ಹುಡುಗಿ ನೀರು ಚಿಮುಕಿಸುತ್ತಾಳೆ. ಈಗ ಗುಡಿಸಿದರೆ ಕೋಣೆ ಸ್ವಚ್ಛ. ಯಜಮಾನ ಇಷ್ಟು ತೋರಿಸುತ್ತಾನೆ. ಆಮೇಲೆ ಯಾತ್ರಿಕನೇ "ಇದೇನು?" ಅಂತ ಕೇಳುತ್ತಾನೆ. ಕೇಳಿದ ಮೇಲೆ ಉತ್ತರ ಬರುತ್ತದೆ. ಆ ಮನೆಯಲ್ಲಿ ಹೆಚ್ಚಿನ ಕಡೆ ಇದೇ ಕ್ರಮ. ಮೊದಲು ಕಣ್ಣಿಗೆ, ಆಮೇಲೆ ಪ್ರಶ್ನೆ, ಕೊನೆಗೆ ಮಾತು. ಅರ್ಥ ಹೇಳುವುದೇ ಹೆಸರಾಗಿರುವ ಮನುಷ್ಯ ಕಾಯುತ್ತಾನೆ. ನಾನು ಕಾದಿರಲಿಲ್ಲ.

ಐದನೇ ವಾರದಿಂದ ಎಲ್ಲ ಬದಲಾಯಿಸಿದೆ. ಓದುವುದು ಒಂದೇ ಸಲ. ಓದಿದ ಕೂಡಲೇ ಒಂದು ಮಗು ಕಥೆಯನ್ನು ತನ್ನ ಮಾತಲ್ಲಿ ತಿರುಗಿ ಹೇಳಬೇಕು. ಮಧ್ಯೆ ಯಾರೂ ಬಾಯಿ ಹಾಕುವ ಹಾಗಿಲ್ಲ, ನಾನೂ ಹಾಕುವ ಹಾಗಿಲ್ಲ. ಮುಗಿದ ಮೇಲೆ ಉಳಿದವರು ಬಿಟ್ಟುಹೋದದ್ದನ್ನು ಸೇರಿಸಬಹುದು. ಇದು ನಾನು ಕಂಡುಹಿಡಿದ ದಾರಿ ಏನಲ್ಲ. ಇಂಗ್ಲೆಂಡಿನ ಶಿಕ್ಷಕಿ ಶಾರ್ಲಟ್ ಮೇಸನ್ ನೂರು ವರ್ಷಕ್ಕೂ ಹಿಂದೆಯೇ ಇದನ್ನು ಹೇಳಿದ್ದಳು. ಒಂದೇ ಸಲ ಓದಿ, ಮಗುವಿನಿಂದ ಹೇಳಿಸಿ ಅನ್ನುತ್ತಿದ್ದಳು. ಆರು ವರ್ಷ ತುಂಬುವ ತನಕ ಮಗುವನ್ನು ಹೇಳು ಅಂತ ಒತ್ತಾಯ ಮಾಡಬಾರದು ಅನ್ನುವುದೂ ಅವಳ ಮಾತೇ. ಹಾಗಾಗಿ ಐದು ವರ್ಷದ ಇಬ್ಬರಿಗೆ ಬಾಯಲ್ಲಿ ಹೇಳುವ ಕೆಲಸ ಇಡಲಿಲ್ಲ. ಅವರಿಗೆ ಗೋಡೆಯ ಕೆಲಸ ಕೊಟ್ಟೆ.

ಗೋಡೆಯ ಉದ್ದಕ್ಕೂ ಒಂದು ಕಾಗದದ ಸುರುಳಿ ಅಂಟಿಸಿದ್ದೆವು. ಎಡಗಡೆ ತುದಿಯಲ್ಲಿ ನಾಶಪುರ, ಬಲಗಡೆ ತುದಿಯಲ್ಲಿ ಪರಲೋಕದ ಪಟ್ಟಣ. ಮಧ್ಯೆ ಬರೀ ಖಾಲಿ. ವಾರಕ್ಕೊಂದು ಜಾಗವನ್ನು ಆ ಇಬ್ಬರೂ ಬಿಡಿಸಬೇಕು, ಕಾಗದದಲ್ಲಿ ಕತ್ತರಿಸಿದ ಯಾತ್ರಿಕನನ್ನು ಅಲ್ಲಿಗೆ ಸರಿಸಬೇಕು. ತರಗತಿಗೆ ಬಂದ ತಕ್ಷಣ ಎಲ್ಲರೂ ಮೊದಲು ಗೋಡೆ ಹತ್ತಿರ ಹೋಗುತ್ತಿದ್ದರು. ಅವನು ಎಲ್ಲಿದ್ದಾನೆ ಅಂತ ನೋಡುವುದು ಅವರಿಗೆ ಅಭ್ಯಾಸವೇ ಆಗಿಹೋಯಿತು.

ತಿರುಗಿ ಹೇಳುವಾಗ ಮಕ್ಕಳು ತಪ್ಪು ಮಾಡುತ್ತಾರೆ. ಮೊದಲೆಲ್ಲ ನನಗೆ ಅದನ್ನು ತಿದ್ದುವ ಆತುರ ಇತ್ತು. ಈಗ ನಾನು ಆ ತಪ್ಪುಗಳನ್ನೇ ಕಾಯುತ್ತೇನೆ. ಇಕ್ಕಟ್ಟಾದ ಬಾಗಿಲಿನ ಕಥೆ ಹೇಳುವಾಗ ಒಬ್ಬ ಹುಡುಗ, "ಬಾಗಿಲು ತೆಗೆದರು, ಅವನು ಒಳಗೆ ಬಂದ, ಮೂಟೆ ಬಿದ್ದುಹೋಯಿತು" ಅಂದ. ಮುಗಿದ ಮೇಲೆ ಒಂಬತ್ತು ವರ್ಷದವಳು, "ಇಲ್ಲ, ಮೂಟೆ ತೆಗೀರಿ ಅಂತ ಕೇಳಿದ, ಆದರೆ ಅವರು ತೆಗೀಲಿಲ್ಲ. ಇನ್ನೂ ಮುಂದೆ ಹೋಗು, ಅಲ್ಲಿ ತಾನೇ ಬೀಳುತ್ತೆ ಅಂದ್ರು" ಅಂತ ಸರಿಮಾಡಿದಳು. ಹುಡುಗನಿಗೆ ಕೋಪ ಬಂತು. "ಯಾಕೆ ತೆಗೀಲಿಲ್ಲ? ಪಾಪ, ಅಷ್ಟು ದೂರ ಹೊತ್ಕೊಂಡು ಬಂದಿದ್ದಾನೆ!" ಆ ಕೋಪ ನನಗೆ ತುಂಬಾ ಇಷ್ಟವಾಯಿತು. ಮೂಟೆಯ ಭಾರ ಅವನ ಬೆನ್ನಿಗೆ ತಗುಲಿತ್ತು. ನಾಲ್ಕನೇ ವಾರ "ಮೂಟೆ ಅಂದ್ರೆ ಪಾಪ" ಅಂತ ಒಪ್ಪಿಸಿದ್ದ ಅದೇ ಹುಡುಗ ಅವನು.

ಅರ್ಥ ಹೇಳುವವನು ತನ್ನ ಮನೆಯಲ್ಲಿ ತೋರಿಸುವ ಇಬ್ಬರು ಮಕ್ಕಳ ಕಥೆಗೆ ಪೂರ್ತಿ ಒಂದು ವಾರ ಕೊಟ್ಟೆ. ಆತುರ, ತಾಳ್ಮೆ ಅಂತ ಇಬ್ಬರು ಹುಡುಗರು. ಆತುರನಿಗೆ ಎಲ್ಲ ಈಗಲೇ ಬೇಕು. ಚೀಲ ತುಂಬಾ ಸಂಪತ್ತು ಬಂತು, ನಕ್ಕ, ತಾಳ್ಮೆಯನ್ನು ಗೇಲಿ ಮಾಡಿದ, ಸ್ವಲ್ಪ ಹೊತ್ತಲ್ಲೇ ಎಲ್ಲ ಖಾಲಿ, ಮೈಮೇಲೆ ಚಿಂದಿ. ತಾಳ್ಮೆ ಸುಮ್ನೆ ಕೂತು ಕಾಯುತ್ತಾನೆ. ಚಿಕ್ಕ ಮಕ್ಕಳಿಗೆ ಈ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಪುಟ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಆತುರನ ಪಾತ್ರವೇ ಬೇಕು ಅಂತ ಜಗಳ ಆಡಿದರು. ತಾಳ್ಮೆಯ ಪಾತ್ರ ಮಾಡಿದವನು ಪೂರ್ತಿ ನಾಟಕ ಮುಗಿಯುವ ತನಕ ಕುರ್ಚಿಯಲ್ಲಿ ಕೂತೇ ಇದ್ದ. ಆಮೇಲೆ ಅವನು ಹೇಳಿದ್ದು, "ಸುಮ್ನೆ ಕೂರೋದು ತುಂಬಾ ಕಷ್ಟ ಟೀಚರ್." ನಾನು ಒಂದು ಮಾತೂ ಸೇರಿಸಲಿಲ್ಲ.

ಏಳನೇ ವಾರ ಯಾತ್ರಿಕನ ಮೂಟೆ ಬೀಳುವ ಜಾಗ, ಶಿಲುಬೆ. ಒಂದು ಸ್ಕೂಲ್ ಬ್ಯಾಗಿಗೆ ಹಳೆಯ ಪುಸ್ತಕಗಳನ್ನು ತುಂಬಿದ್ದೆ. ಐದು ವರ್ಷದವರಿಗೆ ಅರ್ಧ ತೆಗೆದೆ. ಒಬ್ಬೊಬ್ಬರೂ ಅದನ್ನು ಹೊತ್ತು ಕೋಣೆಯ ಸುತ್ತ ನಡೆದು, ಗೋಡೆಯ ಮೇಲಿನ ಶಿಲುಬೆಯ ಹತ್ತಿರ ಬಂದಾಗ ನಾನು ಹಿಂದಿನಿಂದ ಪಟ್ಟಿ ಸಡಿಲಿಸುವುದು ಅಂತ ಏರ್ಪಾಡು. ಪುಸ್ತಕದಲ್ಲಿ ಮೂಟೆ ಉರುಳಿ ಉರುಳಿ ಸಮಾಧಿಯ ಬಾಯಿಗೆ ಬಿದ್ದುಹೋಗುತ್ತದೆ, ಮತ್ತೆ ಕಾಣುವುದಿಲ್ಲ. ನಾನು ಮೇಜಿಗೆ ಬಟ್ಟೆ ಇಳಿಬಿಟ್ಟು ಅದನ್ನೇ ಸಮಾಧಿ ಮಾಡಿದ್ದೆ. ಮೊದಲ ಮಗುವಿನ ಬೆನ್ನಿಂದ ಬ್ಯಾಗ್ ಜಾರಿ ಧಡ್ ಅಂತ ಬಿತ್ತು. ಅದನ್ನು ಮೇಜಿನ ಕೆಳಗೆ ತಳ್ಳಿದೆ. ಆ ಮಗು ಕೈ ಎರಡೂ ಮೇಲೆತ್ತಿ ಜಿಗಿಯಿತು. ಪುಸ್ತಕದಲ್ಲೂ ಯಾತ್ರಿಕ ಸಂತೋಷಕ್ಕೆ ಮೂರು ಸಲ ಜಿಗಿಯುತ್ತಾನೆ. ಆ ಸಾಲನ್ನು ನಾನು ಇನ್ನೂ ಓದಿರಲಿಲ್ಲ.

ಅಷ್ಟರಲ್ಲಿ ಐದು ವರ್ಷದವನೊಬ್ಬ ಬಟ್ಟೆ ಎತ್ತಿ ಬಗ್ಗಿ ನೋಡಿದ. "ಟೀಚರ್, ಇಲ್ಲೇ ಇದೆ!"

ಎಲ್ಲರೂ ಬಂದು ಬಗ್ಗಿದರು. ಹೌದು, ಬ್ಯಾಗ್ ಅಲ್ಲೇ ಇತ್ತು. ಕಥೆಯ ಅತಿ ಮುಖ್ಯವಾದ ಮಾತು "ಮತ್ತೆ ಕಾಣಲಿಲ್ಲ" ಅನ್ನುವುದು. ನನ್ನ ಏರ್ಪಾಡಿನಲ್ಲಿ ಅದೇ ತಪ್ಪಿಹೋಗಿತ್ತು. ಅವನ ಮುಖದಲ್ಲಿ ನಿಜವಾದ ಕಳವಳ ಇತ್ತು. ಮುಂದಿನ ಮಗುವಿನ ಸರದಿ ಬರುವ ಮೊದಲು ಮೇಜನ್ನು ಬಾಗಿಲಿನ ಪಕ್ಕಕ್ಕೆ ಎಳೆದೆ. ಇನ್ನೊಬ್ಬ ಟೀಚರನ್ನು ಕರೆದು, ಬ್ಯಾಗ್ ಬಿದ್ದ ಕೂಡಲೇ ಆ ಕಡೆಯಿಂದ ಸದ್ದಿಲ್ಲದೆ ಎಳೆದುಕೊಳ್ಳಿ ಅಂತ ಹೇಳಿದೆ. ಈ ಸಲ ಅವನು ಬಗ್ಗಿ ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಅವನು ಮೇಜಿನ ಕೆಳಗೆ ತೆವಳಿ ಹೋಗಿ ನೆಲವನ್ನು ಕೈಯಿಂದ ತಡವಿ ನೋಡಿದ. ಹೊರಗೆ ಬಂದು ನಿಧಾನವಾಗಿ, "ಹೋಯ್ತು" ಅಂದ. ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಯಾವತ್ತೂ ಮಾಡಿಲ್ಲ.

ಇನ್ನು ಎರಡನೇ ವಾರ ಪ್ರಶ್ನೆ ಕೇಳಿದ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ಮೂರನೇ ವಾರ ತರಗತಿ ಮುಗಿದ ಮೇಲೆ ಅವಳ ತಾಯಿ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಮಗುವಿನ ತಂದೆ ಕೆಲಸಕ್ಕಾಗಿ ಬಹಳ ದೂರ ಇದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. "ಅಪ್ಪನೂ ಕಿವಿಗೆ ಬೆರಳು ಇಟ್ಕೊಂಡು ಹೋದ್ರಾ ಅಂತ ರಾತ್ರಿ ಕೇಳಿದಳು ಟೀಚರ್" ಅಂದರು. ನನಗೆ ಮಾತೇ ಹೊರಡಲಿಲ್ಲ. ಪುಸ್ತಕದಲ್ಲಿ ಯಾತ್ರಿಕ ಮನೆ ಬಿಡುವಾಗ ಹೆಂಡತಿ ಮಕ್ಕಳು ಕೂಗುತ್ತಾರೆ. ಅವನು ಕಿವಿಗೆ ಬೆರಳು ಇಟ್ಟುಕೊಂಡು "ಜೀವ! ಜೀವ! ನಿತ್ಯಜೀವ!" ಅಂತ ಕೂಗುತ್ತಾ ಓಡುತ್ತಾನೆ. ನಾನು ಆ ಜಾಗವನ್ನು ತುಂಬಾ ಹುಮ್ಮಸ್ಸಿನಿಂದ ಓದಿದ್ದೆ. ನಾನೇ ಕಿವಿಗೆ ಬೆರಳು ಇಟ್ಟು ತೋರಿಸಿದ್ದೆ ಕೂಡ.

ದೊಡ್ಡವರು ಅದನ್ನು ರೂಪಕ ಅಂತ ಓದುತ್ತಾರೆ. ಆರು ವರ್ಷದ ಮಗುವಿಗೆ ಅದು ಮನೆ ಬಿಟ್ಟು ಹೋದ ಅಪ್ಪ, ಅಷ್ಟೇ. ಅದಕ್ಕೆ ಅರ್ಥ ಹೇಳಿ ಸಮಾಧಾನ ಮಾಡಲು ಬರುವುದಿಲ್ಲ. ಆ ಭಾಗವನ್ನು ಬಿಟ್ಟುಬಿಡಬೇಕಿತ್ತು ಅಂತ ಕೆಲವರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಬಿಟ್ಟಿದ್ದರೆ ಅವನಿಗೆ ಮನೆಯೇ ಇರಲಿಲ್ಲ ಅನ್ನುವ ಹಾಗೆ ಆಗುತ್ತದೆ, ಅವನು ಏನನ್ನು ಬಿಟ್ಟು ಹೊರಟ ಅನ್ನುವುದೂ ತಿಳಿಯುವುದಿಲ್ಲ. ನನ್ನ ತಪ್ಪು ಬೇರೆ. ನಾನು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಅರ್ಥ ಹೇಳಿದ್ದೆ. ಅವಳ ಪ್ರಶ್ನೆಗೆ ಕಥೆಯಲ್ಲೇ ಮುಂದೆ ಉತ್ತರ ಇತ್ತು.

ಮಾರನೆಯ ವಾರವೇ ಅವಳ ಪಕ್ಕ ಕೂತು ಎರಡು ಮಾತು ಹೇಳಿದೆ. ಒಂದು, "ನಿನ್ನ ಅಪ್ಪ ಕಥೆಯ ಮನುಷ್ಯ ಅಲ್ಲ. ಅವರು ಕೆಲಸಕ್ಕೆ ಹೋಗಿದ್ದಾರೆ, ಬರುತ್ತಾರೆ." ಇನ್ನೊಂದು, "ನೀನು ಕೇಳಿದ ಪ್ರಶ್ನೆಯನ್ನು ದಾರಿಯಲ್ಲಿ ಒಬ್ಬರು ಅವನಿಗೇ ಕೇಳುತ್ತಾರೆ. ಆ ಜಾಗ ಬಂದಾಗ ನೋಡೋಣ." ಅವಳು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

ಆ ಜಾಗ ಒಂಬತ್ತನೇ ವಾರ ಬಂತು. ಬೆಟ್ಟದ ಮೇಲೆ ಒಂದು ಚಂದದ ಅರಮನೆ ಇದೆ. ಅಲ್ಲಿ ಪ್ರೀತಿ ಅನ್ನುವವಳು ಯಾತ್ರಿಕನನ್ನು ಕೇಳುತ್ತಾಳೆ: ನಿನಗೆ ಹೆಂಡತಿ ಮಕ್ಕಳು ಇದ್ದಾರಾ? ಅವರನ್ನು ಯಾಕೆ ಕರೆದುಕೊಂಡು ಬರಲಿಲ್ಲ? ಆಗ ಯಾತ್ರಿಕ ಅಳುತ್ತಾನೆ. ಕರೆತರಲು ನನಗೆಷ್ಟು ಆಸೆ ಇತ್ತು, ಅವರು ಯಾರೂ ಒಪ್ಪಲಿಲ್ಲ ಅನ್ನುತ್ತಾನೆ. ಈ ಪುಟವನ್ನು ಮಕ್ಕಳಿಗಾಗಿ ಕಥೆ ಚಿಕ್ಕದು ಮಾಡುವವರು ಸುಲಭವಾಗಿ ಬಿಟ್ಟುಬಿಡುತ್ತಾರೆ, ಬರೀ ಮಾತುಕತೆ ಅಂತ. ನಾನೂ ಮೊದಲು ಬಿಟ್ಟಿದ್ದೆ. ನನ್ನ ಟಿಪ್ಪಣಿಯಲ್ಲಿ ಒಂಬತ್ತನೇ ವಾರ ಸೀದಾ ಯುದ್ಧದ ಕಥೆಗೆ ಹೋಗುವುದು ಅಂತ ಇತ್ತು.

ಓದುವ ಮೊದಲು ಬನ್ಯನ್ ಬಗ್ಗೆಯೂ ಸ್ವಲ್ಪ ಹೇಳಿದೆ. ಅವನು ಜೈಲಿಗೆ ಹೋದಾಗ ಮನೆಯಲ್ಲಿ ನಾಲ್ಕು ಮಕ್ಕಳಿದ್ದರು. ದೊಡ್ಡ ಮಗಳು ಮೇರಿಗೆ ಕಣ್ಣು ಕಾಣುತ್ತಿರಲಿಲ್ಲ. ಇನ್ನು ಪ್ರಸಂಗ ಮಾಡುವುದಿಲ್ಲ ಅಂತ ಒಪ್ಪಿದ್ದರೆ ಅವನು ಮನೆಗೆ ಹೋಗಬಹುದಿತ್ತು. ಒಪ್ಪಲು ಅವನ ಮನಸ್ಸಾಕ್ಷಿ ಬಿಡಲಿಲ್ಲ. ಜೈಲಿನಲ್ಲೇ ಲಾಡಿಗಳನ್ನು ಮಾಡಿ ಮಾರಿ ಮನೆಗೆ ದುಡಿಯುತ್ತಿದ್ದ. ಹೆಂಡತಿ ಮಕ್ಕಳನ್ನು ಬಿಟ್ಟಿರುವುದು ಎಲುಬಿನಿಂದ ಮಾಂಸ ಕಿತ್ತ ಹಾಗೆ ಅಂತ ಅವನೇ ಬರೆದಿದ್ದಾನೆ. ಈ ಕೊನೆಯ ಮಾತನ್ನು ಮಕ್ಕಳಿಗೆ ಹೇಳಲಿಲ್ಲ. ಲಾಡಿಯ ವಿಷಯ ಹೇಳಿದೆ. ಅದು ಸಾಕಿತ್ತು.

ಆ ದಿನ ಕಥೆ ತಿರುಗಿ ಹೇಳಲು ಯಾರು ಬರುತ್ತೀರಿ ಅಂದಾಗ ಅವಳು ಕೈ ಎತ್ತಿದಳು. ಎದ್ದು ನಿಲ್ಲಲಿಲ್ಲ. ಕೂತಲ್ಲೇ, ಫ್ರಾಕಿನ ಅಂಚು ತಿರುಚುತ್ತಾ ಹೇಳಿದಳು. "ಆ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ನಿನ್ನ ಮಕ್ಕಳೆಲ್ಲಿ ಅಂತ ಕೇಳಿದಳು. ಅವನು ಅತ್ತ. ಅವನಿಗೆ ಮಕ್ಕಳು ನೆನಪಿದ್ದರು." ಸ್ವಲ್ಪ ಹೊತ್ತು ಬಿಟ್ಟು, "ದಾರಿ ಪೂರ್ತಿ ನೆನಪಿದ್ದರು" ಅಂತ ಸೇರಿಸಿದಳು. ಆ ಮಾತು ಪುಸ್ತಕದಲ್ಲಿ ಇಲ್ಲ. ಯಾರೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

ಉಳಿದ ವಾರಗಳು ಬೇಗ ಓಡಿದವು. ವ್ಯರ್ಥದ ಸಂತೆಯಲ್ಲಿ ಯಾತ್ರಿಕನ ಜೊತೆಗಾರ ನಂಬಿಗಸ್ತನನ್ನು ಸುಟ್ಟು ಕೊಲ್ಲುವ ಭಾಗವನ್ನು ಹೇಗೆ ಹೇಳುವುದು ಅಂತ ಹೆದರಿದ್ದೆ. ಕೊಂದರು ಅಂತ ಒಂದೇ ಮಾತಲ್ಲಿ ಹೇಳಿ, ಜನರ ಹಿಂದೆ ಅವನಿಗಾಗಿ ಕಾದಿದ್ದ ರಥದ ಬಗ್ಗೆ ನಿಧಾನವಾಗಿ ಓದಿದೆ. ಮಕ್ಕಳು ತಿರುಗಿ ಹೇಳುವಾಗ ರಥ, ಕುದುರೆ, ತುತ್ತೂರಿ ಎಲ್ಲ ಬಂದವು. ಸಂದೇಹದ ಕೋಟೆಯ ವಾರ ಅಂತೂ ಕೋಣೆಯಲ್ಲಿ ಗಲಾಟೆ. ಹತಾಶೆ ರಾಕ್ಷಸ ಯಾತ್ರಿಕನನ್ನು ಬುಧವಾರ ಬೆಳಗ್ಗೆಯಿಂದ ಶನಿವಾರ ರಾತ್ರಿ ತನಕ ಕತ್ತಲಲ್ಲಿ ಕೂಡಿಹಾಕಿದ್ದ. ಕೊನೆಗೆ ಯಾತ್ರಿಕನಿಗೆ ತನ್ನ ಎದೆಯಲ್ಲಿ ವಾಗ್ದಾನ ಅನ್ನುವ ಬೀಗದಕೈ ಇರುವುದು ನೆನಪಾಯಿತು ಅಂದೆ. ಒಬ್ಬ ಹುಡುಗ ನೆಲಕ್ಕೆ ಕೈ ಬಡಿದು "ಬುಧವಾರಾನೂ ಇತ್ತಲ್ಲಾ!" ಅಂತ ಕೂಗಿದ. ಈ ಕೂಗು ಕೇಳಿ, ನಾನು ಇಪ್ಪತ್ತು ನಿಮಿಷದ ವಿವರಣೆ ತಯಾರು ಮಾಡುತ್ತಿದ್ದ ಕಾಲ ನೆನಪಾಯಿತು.

ಒಂದು ಜಾಗವನ್ನು ಮಾತ್ರ ನಾನು ಬೇಕೆಂದೇ ಬಿಟ್ಟೆ. ಮೊದಲ ಭಾಗದ ಕೊನೆಯಲ್ಲಿ ಅಜ್ಞಾನಿ ಅನ್ನುವವನು ಪಟ್ಟಣದ ಬಾಗಿಲ ತನಕ ಬಂದು ತಿರಸ್ಕಾರಕ್ಕೆ ಒಳಗಾಗುತ್ತಾನೆ. ಐದು ವರ್ಷದ ಮಕ್ಕಳಿರುವ ಕೋಣೆಯಲ್ಲಿ ಆ ಭಯದ ಜೊತೆ ಮನೆಗೆ ಕಳಿಸುವುದು ಬೇಡ ಅನ್ನಿಸಿತು. ಆದರೆ ಒಂಬತ್ತು ವರ್ಷದವಳು ಮನೆಯಲ್ಲಿ ಪುಸ್ತಕ ಓದಿ ಮುಗಿಸಿದ್ದಳು. "ಕೊನೆ ಪುಟ ಯಾಕೆ ಓದಲಿಲ್ಲ ಟೀಚರ್?" ಅಂತ ಎಲ್ಲರ ಮುಂದೆ ಕೇಳಿದಳು. "ಅದು ನಿನ್ನ ವಯಸ್ಸಿನವರಿಗೆ. ನಾವಿಬ್ಬರೂ ಆಮೇಲೆ ಮಾತಾಡೋಣ" ಅಂದೆ. ಆಮೇಲೆ ಅರ್ಧ ಗಂಟೆ ಕೂತು ಮಾತಾಡಿದೆವು. ಅವಳು ಕೇಳಿದ ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಕ್ಕವರು ದೊಡ್ಡವರು ಸೇರಿದ ತರಗತಿಗೆ ಇದೊಂದು ಕಷ್ಟ ಇದ್ದೇ ಇರುತ್ತದೆ. ಇನ್ನೊಮ್ಮೆ ಮಾಡುವುದಾದರೆ ದೊಡ್ಡ ಮಕ್ಕಳಿಗೆ ಮೊದಲೇ ಬೇರೆ ಕೂರಿಸಿ ಆ ಪುಟ ಓದುತ್ತೇನೆ.

ಬನ್ಯನ್ 1684ರಲ್ಲಿ ಎರಡನೇ ಭಾಗ ಬರೆದ. ಯಾತ್ರಿಕನ ಹೆಂಡತಿಯೂ ನಾಲ್ಕು ಗಂಡು ಮಕ್ಕಳೂ ಅದೇ ದಾರಿ ಹಿಡಿದು ಹೊರಡುವ ಕಥೆ. ನಮ್ಮ 14 ವಾರದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮುಂದಿನ ಅವಧಿಯ ಮೊದಲ ತರಗತಿಯಲ್ಲಿ ಶುರುಮಾಡಿದೆವು. ಗೋಡೆಯ ಕಾಗದವನ್ನು ಹಾಗೇ ಬಿಟ್ಟಿದ್ದೆ. ಮೊದಲ ಪುಟಗಳನ್ನು ಓದಿ ಮುಗಿಸುವ ಮೊದಲೇ ಆ ಹುಡುಗಿಯ ಕೈ ಮೇಲಿತ್ತು. ಈ ಸಲ ಎದ್ದು ನಿಂತಳು.

"ಅಮ್ಮನಿಗೆ ರಾಜನಿಂದ ಒಂದು ಕಾಗದ ಬಂತು. ಅದಕ್ಕೆ ಒಳ್ಳೆ ವಾಸನೆ ಇತ್ತು. ಅಕ್ಷರ ಎಲ್ಲ ಚಿನ್ನದ್ದು. ಅಮ್ಮ ಮಕ್ಕಳನ್ನ ಕರೆದು, ನಡೀರಿ, ನಾವೂ ಹೋಗೋಣ ಅಂದಳು. ಮಕ್ಕಳು ಅತ್ತರು. ದುಃಖಕ್ಕಲ್ಲ, ಖುಷಿಗೆ."

ಆಮೇಲೆ ಅವಳು ಗೋಡೆಯ ಹತ್ತಿರ ಹೋಗಿ ನಾಲ್ಕು ಪುಟ್ಟ ಕಾಗದದ ಗೊಂಬೆಗಳನ್ನು ನಾಶಪುರದ ಬಾಗಿಲ ಹೊರಗೆ ಅಂಟಿಸಿದಳು. ಮನೆಯಲ್ಲೇ ಕತ್ತರಿಸಿಕೊಂಡು ಬಂದಿದ್ದಳು.